ತಕ್ಕಡಿ, ಸೀಲ್, ಸೊನ್ನೆ: ಕೋಲಾರದ ಪೇಟೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೂಕದ ಯಂತ್ರ ರಿಪೇರಿಯ ಪರವಾನಗಿ ಇಟ್ಟುಕೊಂಡು ಕೋಲಾರದಲ್ಲಿ ಅಂಗಡಿ ನಡೆಸುತ್ತ ಇಪ್ಪತ್ತೆರಡು ವರ್ಷವಾಯಿತು. ಬೆಳಿಗ್ಗೆ ಬರುವ ಅಂಗಡಿಯವರು "ಸೀಲ್ ಯಾವಾಗ ಹಾಕಿಸಬೇಕು, ದಂಡ ಎಷ್ಟು" ಎಂದು ಕೇಳುತ್ತಾರೆ. ಸಂಜೆ ಅದೇ ಬೆಂಚಿನ ಮೇಲೆ ಕೂರುವ ಗಿರಾಕಿಗಳು "ಆ ಅಂಗಡಿಯವನು ಮೋಸ ಮಾಡುತ್ತಾನಾ" ಎಂದು ಕೇಳುತ್ತಾರೆ. ಇಬ್ಬರಿಗೂ ಹೇಳಿ ಹೇಳಿ ಬಾಯಿ ಒಣಗಿದ್ದರಿಂದ ಬರೆದಿಟ್ಟಿದ್ದೇನೆ.

ತಕ್ಕಡಿ ತಪಾಸಣೆ ಮಾಡುವುದು ಯಾವ ಇಲಾಖೆ?

ಕಾನೂನು ಮಾಪನಶಾಸ್ತ್ರ ಇಲಾಖೆ. ಪೇಟೆಯ ಹಿರಿಯರು ಇಂದಿಗೂ "ತೂಕ ಮತ್ತು ಅಳತೆ ಇಲಾಖೆ" ಎಂದೇ ಕರೆಯುತ್ತಾರೆ, ನನಗೂ ಆ ಹೆಸರೇ ಇಷ್ಟ. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದು 2011ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ರಾಜ್ಯದ ನಿಯಂತ್ರಕರು ಬೆಂಗಳೂರಿನಲ್ಲಿದ್ದಾರೆ. ಅಂಗಡಿಗೆ ಬರುವವರು ನಿರೀಕ್ಷಕರು.

ಯಾವ ಯಾವ ಸಾಧನಗಳಿಗೆ ಸೀಲ್ ಬೇಕು?

ಸೀಲ್ ಎಂದರೆ ತಪಾಸಣೆಯಲ್ಲಿ ಸರಿ ಎಂದು ಕಂಡ ಸಾಧನಕ್ಕೆ ಇಲಾಖೆ ಒತ್ತುವ ಮುದ್ರೆ. ಕೊಡುವ ಕೊಳ್ಳುವ ವ್ಯವಹಾರಕ್ಕೆ ಬಳಸುವ ಎಲ್ಲಕ್ಕೂ ಬೇಕು. ಕಿರಾಣಿ ಅಂಗಡಿಯ ತೂಕದ ಯಂತ್ರ, ತರಕಾರಿ ಗಾಡಿಯ ತಕ್ಕಡಿ ಮತ್ತು ಬಟ್ಟು, ಬಟ್ಟೆ ಅಂಗಡಿಯ ಮೀಟರ್ ಕೋಲು, ಸೀಮೆಎಣ್ಣೆ ಮತ್ತು ಹಾಲಿನ ಅಳತೆ ಪಾತ್ರೆ, ಪೆಟ್ರೋಲ್ ಬಂಕಿನ ಪಂಪು, ಲಾರಿ ತೂಗುವ ವೇಬ್ರಿಡ್ಜ್, ಆಟೊ ಮೀಟರ್ ಎಲ್ಲವೂ ಇದರೊಳಗೆ ಬರುತ್ತವೆ. ಮನೆಯಲ್ಲಿ ಕೇಕಿಗೆ ಹಿಟ್ಟು ತೂಗುವ ಪುಟ್ಟ ಯಂತ್ರಕ್ಕೆ ಬೇಡ. ಆದರೆ ಅದೇ ಯಂತ್ರದಲ್ಲಿ ತೂಗಿ ಕೇಕ್ ಮಾರಲು ಶುರು ಮಾಡಿದ ದಿನದಿಂದ ಬೇಕು. ಮನೆಯಿಂದಲೇ ಚಕ್ಕುಲಿ, ನಿಪ್ಪಟ್ಟು ಮಾರುವ ಅಕ್ಕಂದಿರು ಈ ಮಾತಿಗೆ ಸ್ವಲ್ಪ ಕಿವಿಗೊಡಬೇಕು.

ಎಷ್ಟು ತಿಂಗಳಿಗೊಮ್ಮೆ ಹಾಕಿಸಬೇಕು?

ಎಲೆಕ್ಟ್ರಾನಿಕ್ ಯಂತ್ರ, ಪೆಟ್ರೋಲ್ ಪಂಪು, ವೇಬ್ರಿಡ್ಜ್, ಟ್ಯಾಂಕರ್ ಲಾರಿ ಇವಕ್ಕೆ 12 ತಿಂಗಳಿಗೊಮ್ಮೆ. ಕಬ್ಬಿಣದ ಬಟ್ಟು, ಎರಡು ತಟ್ಟೆಯ ತಕ್ಕಡಿ, ಅಳತೆ ಪಾತ್ರೆ, ಮೀಟರ್ ಕೋಲು, ಟೇಪು ಇವಕ್ಕೆ 24 ತಿಂಗಳು. ಎಣ್ಣೆ ಶೇಖರಿಸುವ ದೊಡ್ಡ ಟ್ಯಾಂಕುಗಳಿಗೆ 60 ತಿಂಗಳು. ಗಡುವು ಮೀರಿದರೆ ತಡವಾದ ಪ್ರತಿ ಮೂರು ತಿಂಗಳಿಗೂ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಸೀಲ್ ಹಾಕುವಾಗ ನಿರೀಕ್ಷಕರು ಏನು ನೋಡುತ್ತಾರೆ? ಸುಮ್ಮನೆ ಒತ್ತಿ ಹೋಗುತ್ತಾರೆಯೇ?

ಹಾಗೆಂದು ತಿಳಿದವರೇ ಹೆಚ್ಚು, ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಯಂತ್ರ ಮಟ್ಟವಾಗಿ ಕೂತಿದೆಯೇ ಎಂದು ನೋಡುತ್ತಾರೆ. ಮಟ್ಟ ತೋರಿಸುವ ಗುಳ್ಳೆ ಯಂತ್ರದಲ್ಲೇ ಇರುತ್ತದೆ. ಹೆಚ್ಚಿನ ಅಂಗಡಿಗಳಲ್ಲಿ ಅದರ ಮೇಲೆ ಬೆಲ್ಲದ ಜಿಡ್ಡು ಕೂತು ಗುಳ್ಳೆಯೇ ಕಾಣುವುದಿಲ್ಲ. ನಂತರ ತಟ್ಟೆ ಖಾಲಿ ಇದ್ದಾಗ ಸೊನ್ನೆ ನಿಲ್ಲುತ್ತದೆಯೇ ಎಂಬುದು. ಆಮೇಲೆ ಸರ್ಕಾರದ ಬಟ್ಟುಗಳನ್ನು ಹಂತ ಹಂತವಾಗಿ ಏರಿಸುತ್ತ, ಹಾಗೆಯೇ ಇಳಿಸುತ್ತ ಓದುತ್ತಾರೆ. ಏರುವಾಗ ಸರಿ ತೋರಿಸಿ ಇಳಿಯುವಾಗ ಜಗ್ಗುವ ಯಂತ್ರಗಳಿರುತ್ತವೆ. ಒಂದೇ ಬಟ್ಟನ್ನು ತಟ್ಟೆಯ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡುವುದು ಮತ್ತೊಂದು ಪರೀಕ್ಷೆ. ಮಳಿಗೆಯಲ್ಲಿ ಮೂಟೆ ಎಸೆದು ಎಸೆದು ಒಳಗಿನ ಲೋಡ್ ಸೆಲ್ (ಭಾರವನ್ನು ಗ್ರಹಿಸುವ ಭಾಗ) ಸೊಟ್ಟಗಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಅದೇ ಭಾರವನ್ನು ಮತ್ತೆ ಮತ್ತೆ ಇಟ್ಟಾಗ ಅದೇ ಅಂಕಿ ಬರುತ್ತದೆಯೇ ಎಂಬುದನ್ನೂ ನೋಡುತ್ತಾರೆ.

ಪಾಸಾದರೆ, ಒಳಗೆ ತೂಕವನ್ನು ಹೊಂದಿಸುವ ಜಾಗ ತೆರೆಯದಂತೆ ತಂತಿ ಪೋಣಿಸಿ ಸೀಸದ ಗುಂಡಿಗೆ ಮುದ್ರೆ ಒತ್ತುತ್ತಾರೆ. ಮುದ್ರೆಯಲ್ಲಿ ನಿರೀಕ್ಷಕರ ಗುರುತಿನ ಸಂಖ್ಯೆ, ವರ್ಷದ ಕೊನೆಯ ಎರಡು ಅಂಕಿ, ಮತ್ತು ಎ, ಬಿ, ಸಿ, ಡಿ ಎಂಬ ನಾಲ್ಕರಲ್ಲಿ ಒಂದು ಅಕ್ಷರ ಇರುತ್ತದೆ. ಆ ಅಕ್ಷರ ವರ್ಷದ ಯಾವ ಕಾಲುಭಾಗದಲ್ಲಿ ಸೀಲ್ ಆಯಿತೆಂದು ಹೇಳುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಜೊತೆಗೆ ಕೊಡುವ ಸತ್ಯಾಪನೆ (ಪರೀಕ್ಷಿಸಿ ಸೀಲ್ ಹಾಕಿದ) ಪ್ರಮಾಣಪತ್ರವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಗಲ್ಲಾ ಪೆಟ್ಟಿಗೆಯ ತಳದಲ್ಲಿ ಮಡಿಸಿಡುವ ಕಾಗದವಲ್ಲ ಅದು.

ಸೀಲ್ ಇದ್ದರೆ ತೂಕ ಸರಿ ಎಂದು ನಂಬಬಹುದೇ?

ಸೀಲ್ ಬಿದ್ದ ದಿನ ಆ ಯಂತ್ರ ಸರಿಯಾಗಿತ್ತು ಎಂದು ನಂಬಬಹುದು. ಅದಕ್ಕಿಂತ ಹೆಚ್ಚಿನದನ್ನು ಸೀಲಿನಿಂದ ಕೇಳಬೇಡಿ. ನನ್ನ ಬೆಂಚಿಗೆ ಬರುವ ಯಂತ್ರಗಳಲ್ಲಿ ಬೇಕೆಂದೇ ಕೆಡಿಸಿದವು ತೀರ ಕಡಿಮೆ. ಗಿರಾಕಿಗೆ ನಷ್ಟವಾಗುವುದು ಹೆಚ್ಚಾಗಿ ಸರಿಯಾದ ಯಂತ್ರದ ಮೇಲೆಯೇ: ತಟ್ಟೆಯಲ್ಲಿ ಖಾಲಿ ಬುಟ್ಟಿ ಇದ್ದು ಅದರ ಭಾರ ಕಳೆಯದಿದ್ದಾಗ, ಅಂಕಿ ಇನ್ನೂ ಓಡುತ್ತಿರುವಾಗಲೇ "ಒಂದು ಕೆಜಿ ಆಯಿತು" ಎಂದು ಎತ್ತಿಬಿಟ್ಟಾಗ, ಅಂಕಿ ತೋರಿಸುವ ಪರದೆ ಅಂಗಡಿಯವರ ಕಡೆಗಷ್ಟೇ ತಿರುಗಿದ್ದಾಗ. ಸಾಮಾನು ಇಡುವ ಮೊದಲು ಸೊನ್ನೆ ನೋಡಿ. ಸೀಲ್ ಹುಡುಕುವುದು ಆಮೇಲೆ.

ಯಂತ್ರದಲ್ಲಿ ಎಷ್ಟು ವ್ಯತ್ಯಾಸವನ್ನು ಕಾನೂನು ಒಪ್ಪುತ್ತದೆ?

ಪೇಟೆಯಲ್ಲಿ ಹೆಚ್ಚಾಗಿ ಕಾಣುವ 30 ಕೆಜಿ ಯಂತ್ರವನ್ನೇ ತೆಗೆದುಕೊಳ್ಳಿ. ಅದರ ಅಂಕಿ 5 ಗ್ರಾಂ ಮೆಟ್ಟಿಲಿನಲ್ಲಿ ಏರುತ್ತದೆ. ಸೀಲ್ ಹಾಕುವ ದಿನ ಎರಡೂವರೆ ಕೆಜಿವರೆಗೆ 2.5 ಗ್ರಾಂ, ಅಲ್ಲಿಂದ 10 ಕೆಜಿವರೆಗೆ 5 ಗ್ರಾಂ, ಅದರಾಚೆ 7.5 ಗ್ರಾಂ ಆಚೀಚೆ ಇರಬಹುದು. ಬಳಕೆಯಲ್ಲಿರುವಾಗ ತಪಾಸಣೆಗೆ ಬಂದರೆ ಇದರ ಎರಡರಷ್ಟನ್ನು ಒಪ್ಪುತ್ತಾರೆ. ಅಂದರೆ ಒಂದು ಕೆಜಿ ಈರುಳ್ಳಿಯಲ್ಲಿ 5 ಗ್ರಾಂ ಕಡಿಮೆ ಬಂದರೆ ಜಗಳಕ್ಕೆ ಹೋಗಬೇಡಿ. 50 ಗ್ರಾಂ ಕಡಿಮೆ ಬಂದರೆ ಅದು ಯಂತ್ರದ ಸಹಜ ವ್ಯತ್ಯಾಸವಲ್ಲ.

ಇನ್ನೊಂದು ಸಂಗತಿ ಯಾರೂ ಓದುವುದಿಲ್ಲ. ಯಂತ್ರದ ಫಲಕದ ಮೇಲೆ ಕನಿಷ್ಠ ತೂಕ ಎಂದು ಬರೆದಿರುತ್ತದೆ. ಈ ಯಂತ್ರಕ್ಕೆ ಅದು 100 ಗ್ರಾಂ. ಅದರ ಮೇಲೆ 50 ಗ್ರಾಂ ಬೆಳ್ಳುಳ್ಳಿ ತೂಗಿದರೆ ಯಂತ್ರ ಅಂಕಿ ತೋರಿಸುತ್ತದೆ ನಿಜ, ಆದರೆ ಅಷ್ಟು ಕಡಿಮೆ ಭಾರದ ತೂಕ ನಂಬಲು ಅದನ್ನು ಮಾಡಿಲ್ಲ. ಏಲಕ್ಕಿ, ಕೇಸರಿ ಮಾರುವವರು ಸಣ್ಣ ಯಂತ್ರ ಬೇರೆಯಾಗಿ ಇಡಬೇಕು.

ಟೊಮೆಟೊ ಬಾಕ್ಸ್ ಹದಿನೈದು ಕೆಜಿ ಎನ್ನುತ್ತಾರೆ. ಅದನ್ನು ತೂಗಿಸಬಹುದೇ?

ಕೋಲಾರ ಎಪಿಎಂಸಿಯಲ್ಲಿ ನಿಂತು ಯಾರಾದರೂ ದರ ಹೇಳಿದರೆ ಅದು ಹದಿನೈದು ಕೆಜಿ ಬಾಕ್ಸಿನ ದರ. ಆದರೆ ಬಾಕ್ಸ್ ಎಂಬುದು ಪಾತ್ರೆ, ಮಾನವಲ್ಲ. ಅದೇ ಕ್ರೇಟಿನಲ್ಲಿ ಗಟ್ಟಿ ಕಾಯಿ ಒಂದು ತೂಗುತ್ತದೆ, ಮಾಗಿದ ಹಣ್ಣು ಇನ್ನೊಂದು. ಬಾಯಿಮಟ್ಟ ತುಂಬಿದ್ದು, ಗೋಪುರದಂತೆ ಏರಿಸಿದ್ದು, ಎರಡೂ "ಒಂದು ಬಾಕ್ಸ್" ಎಂದೇ ಲೆಕ್ಕವಾಗುತ್ತದೆ. ಏರಿಸಿದ ಆ ನಾಲ್ಕು ಹಣ್ಣು ಹಿಂದಿನವರು ಪ್ರೀತಿಯಿಂದ ಹಾಕುತ್ತಿದ್ದ ಕೊಸರು. ಈಗ ಅದನ್ನು ಹಕ್ಕೆಂದು ಕೇಳುವವರೂ ಇದ್ದಾರೆ.

ತೂಗಿಸುವುದಾದರೆ ಖಾಲಿ ಕ್ರೇಟನ್ನು ಮೊದಲು ತೂಗಿ. ಮಳೆಯಲ್ಲಿ ನೆನೆದು ಮಣ್ಣು ಮೆತ್ತಿದ ಕ್ರೇಟು ಒಣ ಕ್ರೇಟಿನಷ್ಟೇ ಭಾರ ಇರುವುದಿಲ್ಲ. ಹತ್ತು ಕ್ರೇಟುಗಳನ್ನು ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸಿದರೆ ಲೆಕ್ಕ ಹತ್ತಿರ ಬರುತ್ತದೆ. ನರಸಾಪುರದ ಕಡೆಯ ರೈತರೊಬ್ಬರು ಹೀಗೆ ಅಳೆದು, ಪ್ರತಿ ಬಾಕ್ಸಿಗೂ ತಾವು ಒಂದು ಕೆಜಿಗೂ ಹೆಚ್ಚು ಬಿಟ್ಟುಕೊಡುತ್ತಿದ್ದುದನ್ನು ಕಂಡುಕೊಂಡರು. ಅಲ್ಲಿ ಯಂತ್ರದ ದೋಷವೂ ಇರಲಿಲ್ಲ, ಮಂಡಿಯವರ ದೋಷವೂ ಇರಲಿಲ್ಲ. ತುಂಬುತ್ತಿದ್ದುದು ಅವರದೇ ಮನೆಯ ಆಳು.

ವೇಬ್ರಿಡ್ಜ್‌ನಲ್ಲಿ ಮಾವಿನ ಲೋಡ್ ತೂಗಿಸುವಾಗ ಏನು ನೋಡಬೇಕು?

ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂದರೆ ಈ ಪ್ರಶ್ನೆಯೂ ಬರುತ್ತದೆ. ತೋತಾಪುರಿ ಟನ್ನಿನ ಲೆಕ್ಕದಲ್ಲಿ ಆಂಧ್ರದ ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳಿಗೂ ಹೋಗುತ್ತದೆ, ಅಲ್ಲಿ ಹತ್ತು ಕೆಜಿ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಲೋಡ್ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಮಾಲಿನ ತೂಕ. ಎರಡು ಸಲವೂ ಗಾಡಿ ಒಂದೇ ಸ್ಥಿತಿಯಲ್ಲಿ ಇರಬೇಕು. ಲೋಡ್ ತೂಗುವಾಗ ಡ್ರೈವರ್ ಕೆಳಗಿಳಿದು ಟೀ ಕುಡಿಯಲು ಹೋಗಿ, ಖಾಲಿ ತೂಗುವಾಗ ಒಳಗೇ ಕೂತಿದ್ದರೆ ಅವನ ಅರವತ್ತು ಎಪ್ಪತ್ತು ಕೆಜಿ ನಿಮ್ಮ ಮಾವಿನಿಂದ ಹೋಯಿತು. ನಡುವೆ ಡೀಸೆಲ್ ತುಂಬಿಸಿದರೂ ಅಷ್ಟೇ. ಗಾಡಿಯ ಎಲ್ಲ ಚಕ್ರಗಳೂ ತಟ್ಟೆಯ ಮೇಲಿರಬೇಕು, ಅಂಚಿಗೆ ತಾಗಿ ನಿಲ್ಲಬಾರದು. ಗಾಡಿ ಹತ್ತುವ ಮೊದಲು ಕೋಣೆಯ ಕಿಟಕಿಯಿಂದ ಸೊನ್ನೆ ನೋಡಿ. ತಟ್ಟೆಯ ಸಂದಿಯಲ್ಲಿ ಜಲ್ಲಿ ಸಿಕ್ಕಿಕೊಂಡರೆ ಒಳ್ಳೆಯ ವೇಬ್ರಿಡ್ಜ್ ಕೂಡ ತಪ್ಪು ಹೇಳುತ್ತದೆ. 10 ಕೆಜಿ ಮೆಟ್ಟಿಲಿನ ವೇಬ್ರಿಡ್ಜ್‌ಗೆ 20 ಟನ್ನಿನಾಚೆ ಸೀಲ್ ಹಾಕುವ ದಿನವೇ 15 ಕೆಜಿ ಆಚೀಚೆಗೆ ಅವಕಾಶ ಇರುವುದರಿಂದ, ಎರಡು ವೇಬ್ರಿಡ್ಜ್‌ಗಳ ಚೀಟಿಗಳು ಅಕ್ಷರಶಃ ಒಂದೇ ಇರಬೇಕೆಂದು ಹಟ ಹಿಡಿಯಬೇಡಿ.

ಡೇರಿಯಲ್ಲಿ ಹಾಲನ್ನು ಕೆಜಿಯಲ್ಲಿ ತೂಗಿ ಲೀಟರಿನಲ್ಲಿ ಬರೆಯುತ್ತಾರೆ. ಇದು ಸರಿಯೇ?

ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಹತ್ತು ಲೀಟರ್ ಕರೆದು ತಂದರೆ ಯಂತ್ರದಲ್ಲಿ ಸುಮಾರು 10.3 ಕೆಜಿ ಬರಬೇಕು. ಕೆಜಿಯ ಅಂಕಿಯನ್ನು 1.03ರಿಂದ ಭಾಗಿಸಿ ಲೀಟರ್ ಬರೆದರೆ ಸರಿ. ನಿಮ್ಮ ಚೀಟಿಯಲ್ಲಿ ಇರುವುದು ಕೆಜಿಯೋ ಲೀಟರೋ, ದರ ಯಾವುದರ ಮೇಲೆ ಎಂಬುದನ್ನು ಕಾರ್ಯದರ್ಶಿಯವರನ್ನು ಕೇಳಿ. ಫ್ಯಾಟ್ ಕಡಿಮೆ ಬಂತೆಂಬ ತಗಾದೆ ಗುಣಮಟ್ಟದ್ದು, ಅದನ್ನು ತೂಕದ ತಗಾದೆಯೊಂದಿಗೆ ಕಲೆಸಿದರೆ ಎರಡೂ ತೀರುವುದಿಲ್ಲ.

ಪೆಟ್ರೋಲ್ 100 ರೂಪಾಯಿಗೆ ಹಾಕಿಸದೆ 110ಕ್ಕೆ ಹಾಕಿಸಿದರೆ ಮೋಸ ತಪ್ಪುತ್ತದೆಯೇ?

ಇದನ್ನು ಕೇಳದ ದಿನವಿಲ್ಲ. ಪಂಪಿನ ಅಳತೆಯೇ ತಪ್ಪಿದ್ದರೆ 110 ರೂಪಾಯಿಗೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಬರುತ್ತದೆ ಎಂಬ ಮಾತಿನಲ್ಲೂ ಹುರುಳು ಕಡಿಮೆ. ಪೆಟ್ರೋಲ್ ಒಂದು ಡಿಗ್ರಿಗೆ ಶೇ 0.1ರಷ್ಟು ಹಿಗ್ಗುವುದು ನಿಜ, ಆದರೆ ಟ್ಯಾಂಕ್ ನೆಲದೊಳಗಿದೆ. ಅದಕ್ಕೆ ಬೆಳಿಗ್ಗೆ ಯಾವುದು, ಮಧ್ಯಾಹ್ನ ಯಾವುದು ಎಂಬುದು ಅಷ್ಟಾಗಿ ತಿಳಿಯುವುದಿಲ್ಲ.

ಅನುಮಾನವಿದ್ದರೆ ಮಾಡಬೇಕಾದದ್ದು ಬೇರೆ. ಪ್ರತಿ ಬಂಕಿನಲ್ಲೂ ಸೀಲ್ ಹಾಕಿದ 5 ಲೀಟರಿನ ಅಳತೆ ಪಾತ್ರೆ ಇರಬೇಕು. "ಐದು ಲೀಟರ್ ಅಳೆದು ತೋರಿಸಿ" ಎಂದು ಯಾವ ಗಿರಾಕಿಯೂ ಕೇಳಬಹುದು. ಪಾತ್ರೆಯ ಕುತ್ತಿಗೆಯಲ್ಲಿ ಗೆರೆಗಳಿರುತ್ತವೆ, 25 ಮಿಲಿಲೀಟರಿನೊಳಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ಪಾತ್ರೆ ಸಮತಲದ ಮೇಲಿರಲಿ, ಒಳಗೆ ಮೊದಲೇ ಒದ್ದೆ ಮಾಡಿ ಬಸಿದಿರಲಿ. ಒಣ ಪಾತ್ರೆಯ ಗೋಡೆಗೆ ಅಂಟುವ ಪೆಟ್ರೋಲ್ ಸುಮ್ಮನೆ ಬಂಕಿನವರ ತಲೆಗೆ ಬರುತ್ತದೆ.

ಸಿಹಿ ತಿಂಡಿಯನ್ನು ಡಬ್ಬಿಯ ಸಮೇತ ತೂಗುತ್ತಾರಲ್ಲ?

ಕೂಡದು. ನೀವು ದುಡ್ಡು ಕೊಡುವುದು ಮೈಸೂರು ಪಾಕಿಗೆ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿಸಿ. ಎರಡು ಸೆಕೆಂಡಿನ ಕೆಲಸ.

ಚಿನ್ನದ ಅಂಗಡಿಯ ಯಂತ್ರ ಬೇರೆಯೇ?

ಬೇರೆ. ಕಿರಾಣಿ ಯಂತ್ರ ನಿಖರತೆಯಲ್ಲಿ ಮೂರನೆಯ ದರ್ಜೆಯದು, ಚಿನ್ನಕ್ಕೆ ಎರಡನೆಯ ದರ್ಜೆಯ ಹೆಚ್ಚು ಸೂಕ್ಷ್ಮದ ಯಂತ್ರ ಬೇಕು. ಅದಕ್ಕೆ ಗಾಜಿನ ಗೂಡು ಇರುವುದು ಅಲಂಕಾರಕ್ಕಲ್ಲ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅಂಕಿ ಕುಣಿಯುತ್ತದೆ. ಗಾಜು ಮುಚ್ಚಿ, ಅಂಕಿ ನಿಂತ ಮೇಲೆ ಓದಬೇಕು. ಒಡವೆಯಲ್ಲಿ ಕಲ್ಲು, ಅರಗು ಇದ್ದರೆ ಅವುಗಳ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿತು, ಆದರೂ ಅಲ್ಲಿನ ಹಳಬರು ಒಡವೆಯನ್ನು ಅಂಗೈಯಲ್ಲಿಟ್ಟು ತೂಕ ಹೇಳುತ್ತಾರೆ. ಒಮ್ಮೆ ಒಬ್ಬ ತಾತ ಅರ್ಧ ಗ್ರಾಂ ಹತ್ತಿರಕ್ಕೆ ಹೇಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರ ಅಂಗೈಗೆ ಸೀಲ್ ಹಾಕುವ ಹಾಗಿಲ್ಲ.

ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವುದು ತಪ್ಪೇ?

ಕಾನೂನಿನ ಅಕ್ಷರ ಹಿಡಿದರೆ ಉದ್ದಕ್ಕೆ ಮೀಟರ್ ಒಂದೇ ಮಾನ. ಸೇರು, ಪಾವು, ಮಣ, ಮೊಳ ಎಲ್ಲವೂ ದಾಖಲೆಯಿಂದ ಹೋಗಿ ಅರವತ್ತು ವರ್ಷ ದಾಟಿದೆ. ಆದರೆ ಹೂವಾಡಗಿತ್ತಿಯ ಮೊಳಕ್ಕೆ ಮೀಟರ್ ಕೋಲು ಹಿಡಿದು ನಿಲ್ಲುವ ಗಿರಾಕಿಯನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಅವಳ ಕೈ ಗಿಡ್ಡ ಅನ್ನಿಸಿದರೆ "ನನ್ನ ಕೈಯಲ್ಲಿ ಅಳೆಯಮ್ಮ" ಎನ್ನಿ. ಸಗಟು ಮಾರುಕಟ್ಟೆಯಲ್ಲಿ ಹೂವು ಕೆಜಿಯಲ್ಲೇ ಹೋಗುತ್ತದೆ, ಅಲ್ಲಿ ನಿಯಮ ಪೂರ್ತಿ ಅನ್ವಯ.

ಗಾಡಿಯವರು ಬಟ್ಟಿನ ಬದಲು ಕಲ್ಲು ಇಟ್ಟು ತೂಗುತ್ತಾರೆ.

ಕಲ್ಲಿನಲ್ಲಿ ತೂಗಿದ್ದನ್ನು ಕೊಳ್ಳಬೇಡಿ, ಅಷ್ಟೇ. ಕಬ್ಬಿಣದ ಬಟ್ಟಿನಲ್ಲಿ ಒಂದು ಕುಳಿ ಇದ್ದು ಅದರಲ್ಲಿ ಸೀಸ ತುಂಬಿರುತ್ತದೆ, ಮುದ್ರೆ ಬೀಳುವುದು ಆ ಸೀಸದ ಮೇಲೆ. ಬಟ್ಟನ್ನು ತಿರುಗಿಸಿ ನೋಡಿ. ಕುಳಿ ಖಾಲಿ ಇದ್ದರೆ ಅಷ್ಟು ಭಾರ ಹೋಗಿದೆ ಎಂದರ್ಥ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಯಂತ್ರ ಸಿಗುತ್ತದೆ. ತರಿಸಿಕೊಳ್ಳಲೇ?

ಮೊದಲು ಫಲಕದ ಮೇಲೆ ಮಾದರಿ ಅನುಮೋದನೆಯ ಸಂಖ್ಯೆ ಇದೆಯೇ ನೋಡಿ. "ಐಎನ್‌ಡಿ" ಎಂಬ ಮೂರು ಅಕ್ಷರಗಳಿಂದ ಅದು ಶುರುವಾಗುತ್ತದೆ. ಅದಿಲ್ಲದ ಯಂತ್ರಕ್ಕೆ ಯಾವ ನಿರೀಕ್ಷಕರೂ ಸೀಲ್ ಹಾಕುವುದಿಲ್ಲ.

ಇನ್ನೊಂದು ತಮಾಷೆಯ ಸಂಗತಿ. ಭೂಮಿಯ ಸೆಳೆತ ಎಲ್ಲ ಕಡೆಯೂ ಒಂದೇ ಸಮನಿಲ್ಲ. ದೆಹಲಿಗಿಂತ ನಮ್ಮ ಕಡೆ ಅದು ಸಾವಿರಕ್ಕೆ ಒಂದು ಭಾಗದಷ್ಟು ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ಲೋಡ್ ಸೆಲ್ ಯಂತ್ರವನ್ನು ಕೋಲಾರಕ್ಕೆ ತಂದು 30 ಕೆಜಿ ಇಟ್ಟರೆ ಸುಮಾರು 30 ಗ್ರಾಂ ಕಡಿಮೆ ತೋರಿಸುತ್ತದೆ. ನಷ್ಟ ಅಂಗಡಿಯವರಿಗೆ! ಹಳೆಯ ಎರಡು ತಟ್ಟೆಯ ತಕ್ಕಡಿಗೆ ಈ ತೊಂದರೆ ಇಲ್ಲ, ಏಕೆಂದರೆ ಸೆಳೆತ ಎರಡು ತಟ್ಟೆಗಳಿಗೂ ಸಮ. ಆದ್ದರಿಂದಲೇ ಯಂತ್ರವನ್ನು ಬಳಸುವ ಊರಿನಲ್ಲೇ ಹೊಂದಿಸಿ ಸೀಲ್ ಹಾಕಿಸಬೇಕು.

ಸೀಲ್ ಇನ್ನೂ ಆರು ತಿಂಗಳಿದೆ, ನಡುವೆ ರಿಪೇರಿ ಆಯಿತು. ಮತ್ತೆ ಹಾಕಿಸಬೇಕೇ?

ರಿಪೇರಿಗಾಗಿ ಸೀಲ್ ಒಡೆದಿದ್ದರೆ ಖಂಡಿತ ಬೇಕು. ಪರವಾನಗಿ ಇರುವ ರಿಪೇರಿಯವರಷ್ಟೇ ಒಡೆಯಬೇಕು, ಮರುಸತ್ಯಾಪನೆ ಆಗುವವರೆಗೆ ಆ ಯಂತ್ರದಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ. "ನೀವೇ ಒಂದು ಸೀಸ ಒತ್ತಿಬಿಡಿ ಯಜಮಾನರೇ" ಎಂದು ಕೇಳಿದವರಿಗೆ ಯಂತ್ರವನ್ನು ಹಾಗೇ ವಾಪಸ್ ಕೊಟ್ಟಿದ್ದೇನೆ. ಬ್ಯಾಟರಿ, ಅಡಾಪ್ಟರ್ ಬದಲಿಸಿದರೆ ಸೀಲಿಗೆ ಸಂಬಂಧವಿಲ್ಲ.

ಸಿಕ್ಕಿಬಿದ್ದರೆ ದಂಡ ಎಷ್ಟು?

2009ರ ಮೂಲ ಕಾಯ್ದೆಯ ಪ್ರಕಾರ ಸೀಲ್ ಇಲ್ಲದ ಯಂತ್ರ ಬಳಸಿದರೆ 2,000ದಿಂದ 10,000 ರೂಪಾಯಿವರೆಗೆ. ಬೇಕೆಂದೇ ತಿದ್ದಿದ ಬಟ್ಟು, ಯಂತ್ರಕ್ಕೆ 50,000 ರೂಪಾಯಿವರೆಗೆ. ಸೀಲಿನ ಶುಲ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸೀಲ್ ತಪ್ಪಿಸುವವರ ಲೆಕ್ಕಾಚಾರ ನನಗಂತೂ ಅರ್ಥವಾಗಿಲ್ಲ. ನಿರೀಕ್ಷಕರಿಗೆ ಯಂತ್ರವನ್ನು ಜಪ್ತಿ ಮಾಡುವ ಅಧಿಕಾರವೂ ಇದೆ. ಬಂದವರ ಗುರುತಿನ ಚೀಟಿ ಕೇಳಿ ನೋಡುವುದು ಉದ್ಧಟತನವಲ್ಲ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ನಿರೀಕ್ಷಕರ ಬಟ್ಟನ್ನು ಪರೀಕ್ಷಿಸುವವರು ಯಾರು?

ಒಳ್ಳೆಯ ಪ್ರಶ್ನೆ, ಇದನ್ನು ಕೇಳಿದವನು ಬಂಗಾರಪೇಟೆಯ ಏಳನೆಯ ತರಗತಿಯ ಹುಡುಗ. ನಿರೀಕ್ಷಕರ ಬಟ್ಟಿಗಿಂತ ನಿಖರವಾದ ಬಟ್ಟು ರಾಜ್ಯದ ಪ್ರಯೋಗಾಲಯದಲ್ಲಿದೆ. ಅದಕ್ಕಿಂತ ನಿಖರವಾದದ್ದು ಕೇಂದ್ರದ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ, ಅವುಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಎಲ್ಲಕ್ಕೂ ಮೇಲೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ, 57ನೇ ಸಂಖ್ಯೆಯ ಒಂದು ಕಿಲೋಗ್ರಾಂ ಇದೆ. 2019ರ ಮೇ 20ರಿಂದ ಜಗತ್ತಿನಲ್ಲಿ ಕಿಲೋಗ್ರಾಮನ್ನು ಲೋಹದ ಗುಂಡಿನ ಬದಲು ಪ್ಲಾಂಕ್ ಸ್ಥಿರಾಂಕ ಎಂಬ, ಎಂದೂ ಬದಲಾಗದ ಭೌತಶಾಸ್ತ್ರದ ಅಂಕಿಯಿಂದ ನಿಗದಿ ಮಾಡುತ್ತಾರೆ. ಇಷ್ಟು ಹೇಳಿದ ಮೇಲೆ ಹುಡುಗ "ಹಾಗಾದರೆ ಆ ಗುಂಡನ್ನು ಈಗ ಏನು ಮಾಡುತ್ತಾರೆ?" ಎಂದ. ಜೋಪಾನವಾಗಿ ಇಟ್ಟಿದ್ದಾರೆ ಎಂದೆ.

ದೂರು ಕೊಡುವುದು ಹೇಗೆ?

ಅಂಗಡಿಯಲ್ಲಿ ಕೂಗಾಡಬೇಡಿ. ಕೂಗಾಡಿದರೆ ನಿರೀಕ್ಷಕರು ಬರುವ ಹೊತ್ತಿಗೆ ಯಂತ್ರ ಬದಲಾಗಿರುತ್ತದೆ. ಬಿಲ್ ಇಟ್ಟುಕೊಳ್ಳಿ, ಅಂಗಡಿಯ ಫಲಕ ಮತ್ತು ಯಂತ್ರದ ಸೀಲಿನ ಫೋಟೊ ತೆಗೆಯಿರಿ, ದಿನಾಂಕ ಮತ್ತು ಸಮಯ ಬರೆದುಕೊಳ್ಳಿ. ಕೊಂಡದ್ದನ್ನು ಬಿಚ್ಚದೆ ಇನ್ನೊಂದು ಸೀಲ್ ಇರುವ ಯಂತ್ರದಲ್ಲಿ ತೂಗಿಸಿ. ಇವನ್ನೆಲ್ಲ ಸೇರಿಸಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಜಿಲ್ಲಾ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚು ಕಿತ್ತುಕೊಂಡರೆ ಅದೂ ಇದೇ ಇಲಾಖೆಯ ಕೆಲಸ.

ಯಂತ್ರ ಸರಿಯಿದೆಯೇ ಎಂದು ನಾನೇ ನೋಡಿಕೊಳ್ಳುವ ಉಪಾಯ ಇದೆಯೇ?

ಮುಚ್ಚಳ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ಚೀಲದಲ್ಲಿರಲಿ. ನೀರು ಒಂದು ಕೆಜಿಗೆ ಕೂದಲೆಳೆಯಷ್ಟು ಕಡಿಮೆ, ಮೇಲೆ ಬಾಟಲಿಯ ಭಾರ ಬೇರೆ. ನಿಮಗೆ ನಂಬಿಕೆಯಿರುವ, ಹೊಸದಾಗಿ ಸೀಲ್ ಆದ ಯಂತ್ರದಲ್ಲಿ ಅದನ್ನು ಒಮ್ಮೆ ತೂಗಿಸಿ, ಬಂದ ಅಂಕಿಯನ್ನು ಬಾಟಲಿಯ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದುಬಿಡಿ. ಮುಂದಿನ ಅಂಗಡಿಯಲ್ಲಿ ಸೊಪ್ಪು ತೂಗಿಸುವ ಮೊದಲು "ಇದನ್ನು ಸ್ವಲ್ಪ ಇಡಿ ಅಣ್ಣ" ಎಂದು ಬಾಟಲಿ ಕೊಡಿ. ಬಾಯಾರಿಕೆಯಾದರೂ ಅದನ್ನು ಮಾತ್ರ ಕುಡಿಯಬೇಡಿ.